ಕಡೇಗ್ ಬರೋ ಕರಿಯಪ್ಪ

"ಒತ್ತವ್ವ, ಒತ್ಬುಡು! ಅದೇನ್ ಬಾಂಬಾ?" ಎಂದು ಜವರಯ್ಯ ಬೆನ್ನ ಹಿಂದೆ ನಿಂತು ಹುರಿದುಂಬಿಸುತ್ತಿದ್ದರೂ ಜೋವಿಟಾಳ ಬೆರಳು ಮೌಸಿನ ಮೇಲೆಯೇ ನಿಂತಿತ್ತು.

ಇಂಗ್ಲಿಷ್ ಅಕ್ಷರದಲ್ಲಿ ಟೈಪಾದ ಕನ್ನಡದ ಅರವತ್ತೆರಡು ಈಮೇಲ್‌ಗಳು ಹೊರಡಲು ಸಿದ್ಧವಾಗಿದ್ದವು. ಒಕ್ಕಣೆ ಒಂದೇ, ಆದರೆ ಒಂದೊಂದರಲ್ಲೂ ಬೇರೆ ಹೆಸರು, ಬೇರೆ ತಾರೀಕು, ಬೇರೆ ಗಿಡದ ಸಂಖ್ಯೆ. ಎಕ್ಸೆಲ್ ಪಟ್ಟಿಯ ಸಾಲುಗಳು ತಾವೇ ಎದ್ದು ಹೋಗಿ ಕಾಗದಗಳಾಗಿ ಕೂರುವ ಈ ವಿದ್ಯೆಯನ್ನು ಅವಳು ಕಂಪ್ಯೂಟರಿನೊಳಗಿನ ಸಹಾಯದ ಪುಟಗಳನ್ನು ಡೈರಿಗೆ ಇಳಿಸಿಕೊಂಡು ಮೂರೇ ದಿನದಲ್ಲಿ ಕಲಿತಿದ್ದಳು.

ಬೆಳಗೋಡಿನ ಆ ಕಾಫಿ ನರ್ಸರಿಯಲ್ಲಿ ಪ್ರತಿ ಜೂನಿನಲ್ಲೂ ಒಂದೇ ರಗಳೆ. ಗಿಡ ಬುಕ್ ಮಾಡಿದವರೆಲ್ಲ ಮೊದಲ ದೊಡ್ಡ ಮಳೆಯ ಮರುದಿನವೇ ಜೀಪು ತಂದು ಗೇಟಿನಲ್ಲಿ ಕಾದಾಡುತ್ತಿದ್ದರು. ಈ ಸಲ ಯಜಮಾನಿ ದ್ರಾಕ್ಷಾಯಣಿ ದಿನಕ್ಕೆ ಇಷ್ಟು ಜನ ಎಂದು ಗೊತ್ತುಮಾಡಿ, ಫೋನ್ ಮಾಡಿ ನೆನಪಿಸುವ ಕೆಲಸವನ್ನು ಜೋವಿಟಾಗೆ ಒಪ್ಪಿಸಿದ್ದರು. ರಿಸೀವರ್ ಎತ್ತಿದರೆ ಸಾಕು, ಅವಳ ದನಿ ಪಿಸುಮಾತಿಗೆ ಇಳಿಯುತ್ತಿತ್ತು. ಅತ್ತಲಿನವರು "ಯಾರು? ಯಾರ್ರೀ ಅದು?" ಎಂದು ಕೂಗಿ ಇಟ್ಟುಬಿಡುತ್ತಿದ್ದರು.

"ಶನಿವಾರದೊಳಗೆ ಎಲ್ರಿಗೂ ಸುದ್ದಿ ಮುಟ್ಟಿರ್ಬೇಕು ಕಣೆ ಜೋವಿ. ಇಲ್ಲಾಂದ್ರೆ ಸೋಮವಾರದಿಂದ ಬೇರೆ ಹುಡುಗೀನ್ ನೋಡ್ಕೋತೀನಿ," ಎಂದಿದ್ದರು ದ್ರಾಕ್ಷಾಯಣಿ.

ಇವತ್ತೇ ಶನಿವಾರ. ಈಮೇಲ್ ಇಲ್ಲದವರಿಗೆ ಬಸ್ ಕಂಡಕ್ಟರುಗಳ ಕೈಲಿ ಚೀಟಿ ಕಳಿಸುವುದು ಎಸ್ಟೇಟುಗಳಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದ ಜವರಯ್ಯನ ಪಾಲಿಗಿತ್ತು. ಉಳಿದವರು ಇವಳ ಬೆರಳ ತುದಿಯಲ್ಲಿದ್ದರು. ಮೊದಲ ಸಾಲಿನ ಮಾರ್ಟಿನ್ ಅವರ ಕಾಗದವನ್ನು ತನಗೇ ಕಳಿಸಿಕೊಂಡು ನೋಡಿದ್ದಳು, ಸರಿಯಾಗಿತ್ತು. ಕಣ್ಣು ಮುಚ್ಚಿ ಒತ್ತಿದಳು.

ಅರವತ್ತೆರಡು, ಅರವತ್ತೊಂದು, ಅರವತ್ತು...

"ಹೋಯ್ತು! ದೋಣಿಗಲ್ಲಿಗೆ ಹೋಯ್ತು! ವನಗೂರಿಗೂ ಹೋಯ್ತು ಜವರಯ್ಯ!" ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

"ಎಲ್ಲಿ, ನಾನ್ ಹೇಳಿದ್ ಹೆಸ್ರುಗಳು ಸರ್ಯಾಗ್ ಬಂದವಾ ತೋರ್ಸು."

ಕಳಿಸಿದ್ದರಲ್ಲಿ ಒಂದನ್ನು ತೆರೆದಳು. 'ಪ್ರಿಯ ಹಾರನ್ ನಟರಾಜ್ ಅವರೆ.' ಇನ್ನೊಂದು. 'ಪ್ರಿಯ ಉಪ್ಪಿನಕಾಯಿ ವೀರಯ್ಯ ಅವರೆ.' ಮತ್ತೊಂದು. 'ಪ್ರಿಯ ಕಡೇಗ್ ಬರೋ ಕರಿಯಪ್ಪ ಅವರೆ.'

ಪಟ್ಟಿಯಲ್ಲಿ ನಾಲ್ವರು ಕರಿಯಪ್ಪಂದಿರು, ಮೂವರು ವೀರಯ್ಯಂದಿರು. ಡಿಸೆಂಬರಿನಲ್ಲಿ ಬುಕಿಂಗ್ ಪಟ್ಟಿ ಮಾಡುವಾಗ ಜವರಯ್ಯ ಅವರನ್ನು ಊರು ಗುರುತಿಸುವ ಹಾಗೆಯೇ, ಬಿಡದೆ ಹಾರನ್ ಹೊಡೆಯುವವ, ಎಲ್ಲರಿಗಿಂತ ಕಡೆಗೆ ಬರುವವ ಎಂದು ಅಡ್ಡಹೆಸರು ಸೇರಿಸಿಯೇ ಹೇಳುತ್ತ ಹೋಗಿದ್ದ. ಹೊಸಬಳಾದ ಇವಳು ಒಂದಕ್ಷರ ಬಿಡದೆ ಹೆಸರಿನ ಕಾಲಮ್ಮಿನಲ್ಲಿ ತುಂಬಿದ್ದಳು.

"ಅಯ್ಯೋ, ಅದು ನಿಂಗ್ ಗುರ್ತಿಗ್ ಹೇಳಿದ್ದು ಕಣವ್ವ! ಅವ್ರ್ ಮುಖಕ್ಕೇ ಹೇಳ್ಬುಟ್ಯಲ್ಲ!" ಜವರಯ್ಯ ತಲೆಯ ಮೇಲೆ ಕೈ ಹೊತ್ತ. "ವಾಪಸ್ ತರ್ಸಕ್ಕಾಗಕಿಲ್ವಾ? ಬಸ್ಸಾಗಿದ್ರೆ ಸಕಲೇಶಪುರ ಸ್ಟ್ಯಾಂಡಲ್ಲಾದ್ರೂ ಹಿಡೀಬೋದಾಗಿತ್ತು."

ಇಂಟರ್ನೆಟ್ಟಿಗೂ ಫೋನಿಗೂ ಇದ್ದದ್ದು ಒಂದೇ ಲೈನ್; ಇಂಟರ್ನೆಟ್ ಕಡಿದರೆ ಬೈಯುವವರ ಫೋನ್ ಬರುತ್ತದೆ. ಜೋವಿಟಾ ಕಡಿಯಲಿಲ್ಲ. ಮಧ್ಯಾಹ್ನ ಬಂದ ದ್ರಾಕ್ಷಾಯಣಿ, "ಬೆಳಿಗ್ಗೆಯಿಂದ ಎಂಗೇಜು, ಏನಾಗೈತೆ ಇದಕ್ಕೆ?" ಎಂದು ಕಂಪ್ಯೂಟರಿಗೆ ಹೋದ ವೈರನ್ನೇ ಕಿತ್ತರು. ತಕ್ಷಣ ಫೋನ್ ಬಡಿದುಕೊಂಡಿತು.

ವನಗೂರಿನ ಕರಿಯಪ್ಪನ ದನಿ ರಿಸೀವರಿನಿಂದ ಆಚೆಗೂ ಕೇಳುತ್ತಿತ್ತು. "ನಮ್ ಸೊಸೆ ಎಲ್ಲರ್ ಎದ್ರುಗೇ ಓದುದ್ಲು ಕಣ್ರೀ! ಮನೆಮಂದಿಯೆಲ್ಲ ಬಿದ್ದು ಬಿದ್ದು ನಗ್ತಾವ್ರೆ! ಬರ್ದೋರ್ಗ್ ಕೊಡಿ ಫೋನು!"

ದ್ರಾಕ್ಷಾಯಣಿ ಪರದೆ ನೋಡಿದರು, ಜೋವಿಟಾಳನ್ನು ನೋಡಿದರು, ರಿಸೀವರ್ ಚಾಚಿದರು.

"ಸರ್... ಮಂಗಳವಾರ. ಬೆಳಿಗ್ಗೆ ಏಳಕ್ಕೆ. ಎಂಟುನೂರು ಗಿಡ." ಅಷ್ಟೇ ಬಂತು ಬಾಯಿಗೆ.

ಆ ಕಡೆ ಕರಿಯಪ್ಪ ನಗುತ್ತಿದ್ದವರನ್ನು ಗದರಿಸಿ ಮತ್ತೆ ಫೋನಿಗೆ ಬಂದ. "ಮಂಗಳವಾರ ತಾನೆ? ಯಾರ್ ಕಡೇಗ್ ಬತ್ತಾರೋ ನೋಡ್ತಿರು!"

ಸೋಮವಾರ ಬೇರೆ ಹುಡುಗಿ ಬರಲಿಲ್ಲ. "ನಾಳೆ ಎಷ್ಟ್ ಜನ ಬರ್ತಾರೆ ನೋಡೋಣ, ಆಮೇಲೆ ಮಾತಾಡ್ತೀನಿ," ಎಂದರು ದ್ರಾಕ್ಷಾಯಣಿ.

ಮಂಗಳವಾರ ಜೋವಿಟಾ ಆರೂವರೆಯ ಬಸ್ಸಿಳಿದಾಗ ಬೀಗ ಹಾಕಿದ ಗೇಟಿಗೆ ಮೂತಿ ತಾಗಿಸಿಕೊಂಡು ಒಂದು ಜೀಪು ನಿಂತಿತ್ತು. ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದುಕೊಂಡ ಮುದುಕ ಬಾನೆಟ್ಟಿನ ಮೇಲೆ ಕೂತಿದ್ದ.

ಎಂಟುನೂರು ಗಿಡ ಜೀಪು ಹತ್ತಿದ ಮೇಲೆ ಕರಿಯಪ್ಪ ನೇರ ಆಫೀಸಿಗೆ ಬಂದ. "ತೆಗಿಯವ್ವ ನಿನ್ ಪಟ್ಟೀನ. ಅಳಿಸು ನನ್ ಹೆಸ್ರ."

ಅಳಿಸಿದಳು. "ಏನಂತ ಹಾಕ್ಲಿ, ಸರ್?"

ಮುದುಕ ಗಡ್ಡ ಕೆರೆದುಕೊಳ್ಳುತ್ತ ಯೋಚಿಸತೊಡಗಿದ. ಖಾಲಿ ಚೌಕದಲ್ಲಿ ಗೆರೆಯೊಂದು ಮಿನುಗುತ್ತಿತ್ತು. ಕಾಫಿ ತಂದ ದ್ರಾಕ್ಷಾಯಣಿ ಒಂದು ಲೋಟವನ್ನು ಅವನ ಕೈಗಿತ್ತು, ಇನ್ನೊಂದನ್ನು ಮೌಸಿನ ಪಕ್ಕ ಇಟ್ಟರು.

ಗೇಟಿನ ಹೊರಗೆ ಒಂದು ಹಾರನ್ ಅರ್ಧ ಕೂಗಿ, ಏನೋ ನೆನಪಾದಂತೆ ತಟ್ಟನೆ ನಿಂತಿತು.