ಹಿಂದೆ ಬರುತ್ತಿದ್ದ ಹೆಂಗಸು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ದಿನವಿಡೀ ಗೋಡೆಗೆ ಮುಖ ಮಾಡಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ತರಬೇಕು. ನಲವತ್ತು ದಾಟಿದ ಮೇಲೆ, ಅಂಗಡಿಯ ಕಡೆಗಿದ್ದ ಬಸ್ಸು ನಿಂತುಹೋಯಿತೆಂದು ಒಂದು ಹಳೆಯ ಸೈಕಲ್ ಕೊಂಡಳು. ಒಂದು ಭಾನುವಾರ ಬೆಳಿಗ್ಗೆ ಟೈರಿಗೆ ಗಾಳಿ ಹೊಡೆಸಲು ಹೋದವಳು ಮನೆಯ ಕಡೆ ತಿರುಗದೆ ಹಾಗೇ ಊರಾಚೆಯ ಕೆರೆಯವರೆಗೂ ಹೋಗಿಬಿಟ್ಟಳು. ಅಲ್ಲಿಂದ ಹಿಡಿಯಿತು ಹುಚ್ಚು. ಮುಂದಿನ ವಾರ ಕೆರೆ ದಾಟಿ ಕಲ್ಲುಗಣಿ, ಅದರ ಮುಂದಿನ ವಾರ ಗಣಿ ದಾಟಿ ಗುಡ್ಡ. ವರ್ಷ ತಿರುಗುವುದರೊಳಗೆ ಬೆಳಿಗ್ಗೆ ಹೊರಟು ಸಂಜೆಗೆ ನೂರೈವತ್ತು ಕಿಲೋಮೀಟರ್ ಮುಗಿಸಿ ಬರುವಂತಾದಳು.

ಇಂಥ ಸುಖವನ್ನು ಒಬ್ಬಳೇ ಇಟ್ಟುಕೊಳ್ಳುವುದು ಅವಳ ಜಾಯಮಾನವಲ್ಲ. ಲಿಫ್ಟ್ ರಿಪೇರಿ ಮಾಡುತ್ತಿದ್ದ ಅಣ್ಣ ನಿವೃತ್ತನಾಗಿ ಟಿವಿ ಮುಂದೆ ಕೂತುಬಿಟ್ಟಿದ್ದ. ಅವನ ಬೆನ್ನು ಹತ್ತಿದಳು.

"ಹೀಗೇ ಕೂತ್ರೆ ಸೋಫಾಗೆ ಬೇರು ಬಿಡ್ತೀಯ. ಏಳು."

"ಈ ವಯಸ್ಸಲ್ಲಿ ಬಿದ್ದು ಹಲ್ಲು ಮುರ್ಕೊಂಡ್ರೆ?"

"ಇರೋದ್ರಲ್ಲಿ ಅರ್ಧ ಕಟ್ಟಿಸಿದ ಹಲ್ಲು. ಏಳು ಅಣ್ಣ."

ಎದ್ದ. ಮೊದಲ ತಿಂಗಳು ತೊಡೆ ಹಿಡಿದುಕೊಂಡು ಗೋಳಾಡಿದ. ಆಮೇಲೆ ಏರುದಾರಿಯಲ್ಲಿ ತಂಗಿಯನ್ನೇ ಹಿಂದೆ ಹಾಕತೊಡಗಿದ. ಗುಡ್ಡದ ನೆತ್ತಿಯಲ್ಲಿ ಸೈಕಲ್ಲಿಗೆ ಒರಗಿ ನಿಂತು, ಏದುಸಿರು ಬಿಡುತ್ತ ಬರುವ ಅವಳನ್ನು ನೋಡಿ, "ದಾರೀಲಿ ನಿದ್ದೆ ಗಿದ್ದೆ ಮಾಡಿದ್ಯೇನೇ?" ಎನ್ನುತ್ತಿದ್ದ. ಅತ್ತಿಗೆಯೂ ಖುಷಿಯಾಗಿದ್ದಳು. ಸೈಕಲ್ ಹತ್ತಲು ಒಪ್ಪದಿದ್ದರೂ ಇಬ್ಬರಿಗೂ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟು ಕಳಿಸುತ್ತಿದ್ದಳು. "ಭಾನುವಾರ ಒಂದು ದಿನ ಮನೆ ನಂದು ಅನ್ನಿಸುತ್ತೆ" ಎಂದು ನಗುತ್ತಿದ್ದಳು.

ಮೂರು ವರ್ಷ ಹೀಗೆ ನಡೆಯಿತು. ಒಂದು ದಿನ ದಾರಿಯಲ್ಲಿ ಅವನ ಸೈಕಲ್ಲಿನ ಚೈನು ಕಳಚಿತು. ಬದುಕಿಡೀ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿದವನು ಚೈನನ್ನು ಬೆರಳಲ್ಲಿ ಹಿಡಿದು ನೋಡುತ್ತ ನಿಂತ. ಎಲ್ಲಿ ಕೂರಿಸಬೇಕೆಂದು ಹೊಳೆಯಲಿಲ್ಲ. ಅವಳು ತಮಾಷೆ ಮಾಡುತ್ತ ಕೂರಿಸಿಕೊಟ್ಟಳು. ಮುಂದಿನ ತಿಂಗಳು ಚಹಾ ಕುಡಿಯುತ್ತಿದ್ದಾಗ ಕೇಳಿದ: "ಲೇಟಾಗುತ್ತೆ ಅಂತ ಅಮ್ಮಂಗೆ ಹೇಳಿದ್ಯಾ?" ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವಳು ಮರುದಿನವೇ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಮೆದುಳಿನ ಚಿತ್ರಗಳನ್ನು ದೀಪಕ್ಕೆ ಹಿಡಿದು ನೋಡಿದರು. ಮರೆವಿನ ಕಾಯಿಲೆ, ಇನ್ನು ಇಳಿಮುಖವೇ ಎಂದರು. "ಹೃದಯ ಮಾತ್ರ ಇಪ್ಪತ್ತರ ಹುಡುಗನ ಥರ ಇದೆ. ಸೈಕಲ್ ಹೊಡೀತಾರಾ? ಒಳ್ಳೇದು, ಬಿಡಿಸಬೇಡಿ. ಒಬ್ಬರನ್ನೇ ಮಾತ್ರ ಕಳಿಸಬೇಡಿ."

ಕಳಿಸುವವರು ಯಾರು? ಅತ್ತಿಗೆ ಸ್ನಾನಕ್ಕೆ ಹೋಗಿದ್ದ ಹೊತ್ತಲ್ಲಿ ಅವನೇ ಸೈಕಲ್ ಹತ್ತಿ ಹೊರಟುಬಿಟ್ಟ. ಕಾಯಿಲೆ ಬಿದ್ದ ಬೇರೆಯವರು ಹೀಗೆ ಹೊರಟರೆ ಎರಡು ಬೀದಿ ಆಚೆ ಸಿಗುತ್ತಾರೆ. ಇವನಿಗೆ ಕಾಲಲ್ಲಿ ಕಸುವಿತ್ತು. ಇಡೀ ದಿನ ಹುಡುಕಿದ ಮೇಲೆ, ಎರಡು ಊರಾಚೆಯ ಪೆಟ್ರೋಲ್ ಬಂಕಿನವರು ಅವನ ಜೇಬಿನ ಚೀಟಿ ನೋಡಿ ಫೋನ್ ಮಾಡಿದರು. ವ್ಯಾನು ಮಾಡಿಕೊಂಡು ಇಬ್ಬರೂ ಹೋದರೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ. "ರಸ್ತೆ ಎಷ್ಟು ಚೆನ್ನಾಗಿ ಮಾಡಿದಾರೆ ಗೊತ್ತಾ?" ಎಂದ.

ಹಿಂದಿರುಗುವಾಗ ಅವನು ನಿದ್ದೆ ಹೋದ ಮೇಲೆ ಅತ್ತಿಗೆ ಬಾಯಿಬಿಟ್ಟಳು.

"ಸೋಫಾ ಮೇಲೇ ಕೂತಿದ್ರೆ ನನ್ನ ಕಣ್ಣ ಮುಂದಾದ್ರೂ ಇರ್ತಿದ್ರು."

"ಅತ್ತಿಗೆ..."

"ನಿನ್ನ ಬೈತಿಲ್ಲಮ್ಮ. ಯಾರನ್ನ ಬೈಯ್ಯಲಿ? ಸೈಕಲ್ ತಗೊಂಡ್ಹೋಗು, ಅಷ್ಟೇ."

ಅವಳು ಒಯ್ಯಲಿಲ್ಲ. ಬೀಗ ಹಾಕಿ ಬೀಗದಕೈ ತಾನಿಟ್ಟುಕೊಂಡಳು. ಭಾನುವಾರ ಮಾತ್ರ, ತನ್ನ ಜೊತೆ ಮಾತ್ರ ಎಂದು ಅತ್ತಿಗೆಯ ಕೈಕಾಲು ಹಿಡಿದು ಒಪ್ಪಿಸಿದಳು. ಸೈಕಲ್ ಮೇಲೆ ಇರುವಷ್ಟು ಹೊತ್ತು ಅವನು ಮೊದಲಿನ ಅಣ್ಣನೇ ಆಗಿರುತ್ತಿದ್ದ. ಅದೊಂದೇ ಅವಳ ಆಸೆ.

ಆ ಆಸೆಯೂ ಕೈಕೊಟ್ಟಿತು. ಗುಡ್ಡದ ಇಳಿಜಾರಿನಲ್ಲಿ ಅವನು ಸ್ವಲ್ಪ ಮುಂದಿದ್ದ. ತಿರುಗಿ ನೋಡಿದ. ಮುಖ ಬಿಳಿಚಿಕೊಂಡಿತು.

"ಯಾರ್ರೀ ನೀವು? ಯಾಕೆ ಹಿಂದೆ ಬರ್ತಿದ್ದೀರಿ?"

"ನಾನು ಅಣ್ಣ! ನಾನು!"

ಅವನು ಪೆಡಲ್ ಜೋರಾಗಿ ತುಳಿದ. ಅವಳು ಕೂಗಿದಷ್ಟೂ ವೇಗ ಹೆಚ್ಚಾಯಿತು. ಹ್ಯಾಂಡಲ್ ಮೇಲೆ ಬಾಗಿ, ಬೆನ್ನು ಚಪ್ಪಟೆ ಮಾಡಿ, ಅವಳೇ ಹೇಳಿಕೊಟ್ಟ ಹಾಗೆ ಹೋಗುತ್ತಿದ್ದ. ಎದುರಿಂದ ಬಂದ ಲಾರಿ ಹಾರ್ನ್ ಹೊಡೆಯುತ್ತ ಅವನ ಮೊಣಕೈ ಪಕ್ಕದಲ್ಲೇ ಹಾದುಹೋಯಿತು. ಅವಳಿಗೆ ಅರ್ಥವಾಯಿತು. ತಾನು ಅಟ್ಟಿಸಿಕೊಂಡು ಹೋದರೆ ಅವನು ಸಾಯುತ್ತಾನೆ. ಬ್ರೇಕ್ ಒತ್ತಿದಳು. ಅವನ ಕೆಂಪು ಅಂಗಿ ಚಿಕ್ಕದಾಗುವುದನ್ನು ನೋಡುತ್ತ ನಿಧಾನವಾಗಿ ತುಳಿದಳು.

ಬಹಳ ಹೊತ್ತಿನ ಮೇಲೆ ಸಿಕ್ಕ. ಮುಚ್ಚಿದ ಗ್ಯಾರೇಜಿನ ಮುಂದಿನ ಕಟ್ಟೆಯ ಮೇಲೆ ನೀರು ಕುಡಿಯುತ್ತಿದ್ದ. ಹತ್ತಿರ ಹೋಗುವ ಧೈರ್ಯವಾಗದೆ ಅವಳು ಕಟ್ಟೆಯ ಈಚೆ ತುದಿಯಲ್ಲಿ ಕೂತು, ಶೂ ಲೇಸು ಬಿಚ್ಚಿ ಕಟ್ಟಿದಳು. ಹೆದರಿಕೆ ಅವನಿಗೆ ಆಗಲೇ ಮರೆತಿತ್ತು. ಬಾಟಲಿ ಚಾಚಿದ.

"ತಗೊಳ್ಳಿ. ದೂರದಿಂದ ಬಂದ್ರಾ?"

"ಹ್ಞೂಂ... ದೂರದಿಂದ."

"ನನ್ನ ತಂಗೀನೂ ಹೊಡೀತಾಳೆ. ನನಗೆ ಹಚ್ಚಿದ್ದೇ ಅವಳು." ಸುತ್ತ ನೋಡಿದ. "ಹಿಂದೆ ಬಿದ್ದಿದಾಳೆ ಅನ್ಸುತ್ತೆ. ಬರ್ತಾಳೆ. ಕಾಯೋಣ."

ಕಾದರು. ಬಿಸಿಲು ಕಟ್ಟೆಯಿಂದ ರಸ್ತೆಗೆ ಸರಿಯಿತು. ಅವನು ಪ್ರತಿ ಸೈಕಲ್ಲಿಗೂ ಕತ್ತೆತ್ತಿ ನೋಡಿದ. ಕೊನೆಗೆ ಅವಳೇ ಹೇಳಬೇಕಾಯಿತು: "ನಿಮ್ಮ ತಂಗಿ ಮನೆಗೆ ಹೋಗಿರಬಹುದು. ನಾನೂ ಆ ಕಡೆನೇ. ಜೊತೇಲಿ ಹೋಗೋಣ್ವಾ?"

"ಬೇಜಾರಾಗಲ್ವಾ ಅವಳಿಗೆ?"

"ಇಲ್ಲ. ಅವಳಿಗೆ ಗೊತ್ತಾಗುತ್ತೆ."

ದಾರಿಯುದ್ದಕ್ಕೂ ಅಪರಿಚಿತರಂತೆ ಬಂದರು. ಗುಂಡಿ ಕಂಡಲ್ಲೆಲ್ಲ ಅವನು ಕೈ ಮಾಡಿ ತೋರಿಸಿದ, ಬಹುವಚನದಲ್ಲಿ ಎಚ್ಚರಿಸಿದ.

ಆಮೇಲೆ ಅವನು ರಸ್ತೆಗಿಳಿಯಲಿಲ್ಲ. ಅವಳು ಒಂದು ಕಬ್ಬಿಣದ ಸ್ಟ್ಯಾಂಡ್ ತಂದು, ಸೈಕಲ್ಲಿನ ಹಿಂದಿನ ಗಾಲಿ ನೆಲಕ್ಕೆ ತಾಗದಂತೆ ನಡುಮನೆಯಲ್ಲಿ ಬಿಗಿದು ನಿಲ್ಲಿಸಿದಳು. ಕಿಟಕಿ ತೆರೆದಿಟ್ಟಳು. ಅವನು ಹತ್ತಿ ತುಳಿದ. ಅತ್ತಿಗೆ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದಳು. ಚಕ್ರ ಗುಂಯ್‌ಗುಟ್ಟಿತು. ಅರ್ಧ ಗಂಟೆಯಾಯಿತು, ಇನ್ನಷ್ಟಾಯಿತು. ಬೆವರು ಗಲ್ಲದಿಂದ ತೊಟ್ಟಿಕ್ಕಿ ನೆಲ ಒದ್ದೆಯಾಯಿತು.

"ಇನ್ನೂ ಎಷ್ಟು ದೂರ?" ಎಂದ.

"ಬಂತು ಅಣ್ಣ. ಹತ್ರ ಬಂತು."

ಇನ್ನೂ ತುಳಿದ. ಆಮೇಲೆ ಕಾಲು ನಿಲ್ಲಿಸಿ ಅವಳ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು.

"ಎಷ್ಟು ತುಳಿದ್ರೂ ಮನೆ ಬರ್ತಿಲ್ಲ ಕಣಮ್ಮ."

ಅತ್ತಿಗೆ ಸರಕ್ಕನೆ ಅಡುಗೆಮನೆಗೆ ಹೋದಳು. ತಂಗಿ ಅವನ ತೋಳು ಹಿಡಿದು ಇಳಿಸಿದಳು, ಬೆನ್ನು ಒರೆಸಿದಳು. ತೋರಿಸಿದ ಸೋಫಾದ ಮೇಲೆ ಅವನು ಬೇರೆಯವರ ಮನೆಗೆ ಬಂದವನಂತೆ ತುದಿಯಲ್ಲಿ ಕೂತು, ಯಾವಾಗ ಹೊರಡುವುದು ಎಂದು ಮೆತ್ತಗೆ ಕೇಳಿದ.