ಗುರುವಾರಕ್ಕೆ ಹೋದ ವಿಚಾರಣೆ

ಆರೋಪ ಹೊತ್ತ ಬಾಲಕಿಯರನ್ನು ವಿಚಾರಣೆಯ ತನಕ ಇರಿಸುವ ಪುಣೆಯ ವೀಕ್ಷಣಾಲಯಕ್ಕೆ ರೇಣು ಬಂದು ಒಂಬತ್ತು ದಿನವಾಗಿತ್ತು. ಹದಿನಾರರ ಹುಡುಗಿ, ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಅಪ್ಪನ ಜೊತೆ ಬಂದು ವರ್ಷವಾಗಿತ್ತಷ್ಟೆ. ಸದಾಶಿವ ಪೇಠದಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಮನೆಯಲ್ಲಿ ಬಂಗಾರದ ಸರ ಕದ್ದಳೆಂಬ ಆರೋಪ. ‘ನಾ ಕದ್ದಿಲ್ಲ’ ಎಂದು ಪೊಲೀಸರಿಗೆ ಹೇಳಿದವಳು ಆಮೇಲೆ ಆ ವಿಷಯಕ್ಕೆ ಬಾಯಿಯೇ ಬಿಟ್ಟಿರಲಿಲ್ಲ.

ಅಲ್ಲಿಯ ಮೇಲ್ವಿಚಾರಕಿ ಗೋದಾ ವಿಜಯಪುರದವಳು. ಕದ್ದೆಯೋ ಇಲ್ಲವೋ ಎಂದು ಯಾವ ಹುಡುಗಿಯನ್ನೂ ಕೇಳಿದವಳಲ್ಲ. ಅದು ಬಾಲನ್ಯಾಯ ಮಂಡಳಿಯ ಕೆಲಸ. ಅಪ್ಪ ಯಾವಾಗ ನೋಡಲು ಬರಬಹುದು, ವಕೀಲರು ಯಾರು ಎಂಬುದನ್ನಷ್ಟೇ ರೇಣುವಿಗೆ ಕನ್ನಡದಲ್ಲಿ ತಿಳಿಸಿದ್ದಳು. ಆದರೆ ವಿಚಾರಣೆಯ ಹಿಂದಿನ ದಿನ, ಭಾನುವಾರ, ಹುಡುಗಿ ತಟ್ಟೆಯ ಮುಂದೆ ಅಳುತ್ತ ಕೂತಾಗ ಗೋದಾಳ ಮನಸ್ಸು ತಡೆಯಲಿಲ್ಲ.

“ಅಳಬ್ಯಾಡವಾ. ನಾಳಿ ಜಾಮೀನು ಆಗ್ತದ, ಸಂಜಿಗೆ ಅಪ್ಪನ ಜೋಡಿ ಮನಿಗೆ ಹೋಗ್ತಿ.”

ರೇಣು ಎರಡು ಚಪಾತಿ ತಿಂದಳು.

ಸೋಮವಾರ ಮಂಡಳಿಗೆ ಪೊಲೀಸರ ವರದಿ ಬರಲಿಲ್ಲ. ವಿಚಾರಣೆ ಗುರುವಾರಕ್ಕೆ ಹೋಯಿತು. ಮಾರ್ಕೆಟ್ ಯಾರ್ಡಿನ ಹಮಾಲಿ ಬಿಟ್ಟು ಬಂದಿದ್ದ ಅಪ್ಪ ಈರಣ್ಣ ನೋಡುತ್ತಿದ್ದಂತೆಯೇ ಮಗಳನ್ನು ಮತ್ತೆ ವೀಕ್ಷಣಾಲಯದ ವ್ಯಾನು ಹತ್ತಿಸಿದರು. ವಾಪಸು ಬಂದವಳೇ ರೇಣು ಸ್ಟೀಲಿನ ಲೋಟ ಎಸೆದು ಕಿಟಕಿಯ ಗಾಜು ಒಡೆದಳು.

“ಒಂದಿನ ಒಂಟಿ ಕೋಣ್ಯಾಗ ಹಾಕ್ರಿ, ಬುದ್ಧಿ ಬರ್ತದ,” ಎಂದಳು ಸಹೋದ್ಯೋಗಿ ಮಾಯಾ.

“ಹಾಕೂದಿಲ್ಲ. ಗಾಜು ಒಡದದ್ದು ರಜಿಸ್ಟರದಾಗ ಬರೀತೀನಿ, ಯಾಕ ಒಡದಳು ಅನ್ನೋದೂ ಬರೀತೀನಿ. ಮಾತು ಕೊಟ್ಟಾಕಿ ನಾನು.”

ಗೋದಾ ಹುಡುಗಿಯ ಕೈಗೆ ಗಾಯವಾಗಿದೆಯೇ ಎಂದು ನೋಡಿ, ಚೂರು ಗುಡಿಸಿ, ಅವಳೆದುರು ನೆಲದ ಮೇಲೆ ಕೂತಳು.

“ತಪ್ಪು ನಂದು, ರೇಣು. ನನ್ನ ಕೈಯಾಗ ಇಲ್ಲದ್ದನ್ನ ಹೇಳಿಬಿಟ್ಟೆ.”

ದೊಡ್ಡವರೊಬ್ಬರು ತನ್ನೆದುರು ಹೀಗೆ ತಪ್ಪೊಪ್ಪಿದ್ದನ್ನು ರೇಣು ಕಂಡಿರಲಿಲ್ಲ. ತಲೆಯೆತ್ತಿ ಕೇಳಿದಳು: “ಗುರುವಾರ ಬಿಡ್ತಾರೇನ್ರಿ, ಬಾಯಾರ?”

“ಗೊತ್ತಿಲ್ಲವಾ. ಅಲ್ಲಿ ಏನೇನು ನಡೀತದ ಅನ್ನೋದು ಮಾತ್ರ ಹೇಳಬಲ್ಲೆ.”

ಯಾರು ಎಲ್ಲಿ ಕೂರುತ್ತಾರೆ, ಏನು ಕೇಳಬಹುದು, ಜಾಮೀನು ಸಿಗದಿದ್ದರೆ ಮುಂದೇನು, ಎಲ್ಲವನ್ನೂ ಹೇಳಿದಳು. ಈರಣ್ಣನಿಗೆ ಫೋನ್ ಹಚ್ಚಿ ಮಗಳ ಕೈಗೆ ಕೊಟ್ಟಳು. ಮಾತು ಮುಗಿದ ಮೇಲೆ ರೇಣು ತಾನಾಗಿಯೇ ಬಾಯಿಬಿಟ್ಟಳು. “ಮರಾಠಿ ತಿಳೀತದ್ರಿ. ಆದ್ರ ಅಂಜಿಕಿ ಬಂದ್ರ ಬಾಯಿಗೆ ಬರೂದಿಲ್ಲ. ಸುಮ್ಮನ ನಿಂತದ್ದಕ್ಕ ಆ ಮನಿಯವರು ಕಳ್ಳಿ ಅಂದ್ರು.”

ಅಂದೇ ಗೋದಾ ವಕೀಲರಿಗೆ ತಿಳಿಸಿ, ಕನ್ನಡ ಬಲ್ಲ ದುಭಾಷಿ ಬೇಕೆಂದು ಅರ್ಜಿ ಹಾಕಿಸಿದಳು.

ಗುರುವಾರ ಮಂಡಳಿಯ ಮುಂದೆ, ದುಭಾಷಿಯ ನೆರವಿನಿಂದ, ರೇಣು ತನ್ನ ಕನ್ನಡದಲ್ಲೇ ಎಲ್ಲ ಹೇಳಿದಳು. ನಡುವೆ ಎಲ್ಲೂ ನಿಲ್ಲಲಿಲ್ಲ. ಜಾಮೀನು ಸಿಕ್ಕಿತು. ಪ್ರಕರಣ ಮುಗಿದಿರಲಿಲ್ಲ, ಮುಂದಿನ ತಾರೀಖು ಇಪ್ಪತ್ತು ದಿನಕ್ಕಿತ್ತು.

ಹೊರಗೆ ಈರಣ್ಣ ಮಗಳ ತಲೆ ಸವರಿ, “ಮೊದಲ ಏನರ ತಿನ್ನೂಣು ನಡಿ,” ಎಂದ. ಇಬ್ಬರೂ ಸ್ವಾರಗೇಟಿಗೆ ಹೋಗುವ ಬಸ್ಸಿನ ಕಡೆಗೆ ನಡೆದರು.