ಕೈ ಹಿಡಿಸುವ ಕಿಂಡಿ

ಪರಶುರಾಮನ ಬಲಗೈ ಭುಜದವರೆಗೆ ಕಬ್ಬಿಣದ ತೊಲೆಯೊಳಗಿತ್ತು. ಹೊರಗೆ ಬರುತ್ತಿರಲಿಲ್ಲ.

"ಮೆಷಿನ್ ಆಫ್ ಮಾಡ್ರೀ," ಎಂದ. ಕೂಗಲಿಲ್ಲ, ಹಲ್ಲು ಕಚ್ಚಿ ಹೇಳಿದ. "ರಾಡ್ ಒಳಗೆ ಅಂಟ್ಕಂಡೈತೆ. ಸುಡಂಗೆ ಕಾಯ್ತಾ ಐತೆ."

ಶೆಡ್ಡಿನ ಮಾಲೀಕ ಈಶ್ವರ್ ಓಡಿಹೋಗಿ ವೆಲ್ಡಿಂಗ್ ಮೆಷಿನ್ನಿನ ಸ್ವಿಚ್ಚು ಕೆಳಗೆಳೆದ. ಗುಂಯ್ಗುಡುವುದು ನಿಂತಿತು. ಅಷ್ಟು ಹೊತ್ತು ಅದರ ಹಿಂದೆ ಅಡಗಿದ್ದ ಶಿರಾಳಕೊಪ್ಪದ ಸಂತೆಯ ಗದ್ದಲ ಒಮ್ಮೆಗೇ ಶೆಡ್ಡಿನೊಳಗೆ ನುಗ್ಗಿತು.

ಸೇತುವೆಯ ಆ ತೊಲೆ ಇಂಜಿನಿಯರ್ ಸಂಗೀತಳ ಡ್ರಾಯಿಂಗಿನದು. ಅದರ ಪಕ್ಕದಲ್ಲಿದ್ದ ಅಂಡಾಕಾರದ ಕಿಂಡಿ, ಈಗ ಪರಶುರಾಮನ ಕೈ ನುಂಗಿ ಕೂತದ್ದು, ಅದೂ ಅವಳದೇ.

ಈಶ್ವರ್ ಪರಶುರಾಮನ ಸೊಂಟ ಹಿಡಿದು ಎಳೆದ. ಪರಶುರಾಮ ನರಳಿದ.

"ಎಳೀಬೇಡ್ರಿ ಸರ್," ಎಂದಳು ಸಂಗೀತ. ಆಗಲೇ ನೆಲಕ್ಕೆ ಮಂಡಿಯೂರಿದ್ದಳು. ಕಿಂಡಿಯ ಅಂಚಿನಲ್ಲಿ ಬೆರಳಾಡಿಸಿದಳು. ಬೆಸುಗೆಗೆಂದು ಅವನು ತೊಟ್ಟ ಚರ್ಮದ ತೋಳುಗವಸು ಮಡಿಕೆಯಾಗಿ ಅಲ್ಲಿ ಬೆಣೆಯ ಹಾಗೆ ಕಚ್ಚಿಕೊಂಡಿತ್ತು. "ಅಣ್ಣ, ಮೊಣಕೈ ಒಳಗೆ ಮಡಚ್ಕಂಡೀಯ. ಒಳಗೆ ತಳ್ಳು."

"ಒಳಗೇನು ಮಣ್ಣು ತಳ್ಳಲಿ? ಹೊರಗೆ ಬರ್ಬೇಕು ನಾನು."

"ಮೊದ್ಲು ಒಳಗೆ. ರಾಡಿನ ಹೋಲ್ಡರ್ ಬಿಟ್ಟುಬಿಡು. ಉಸಿರು ಪೂರ್ತಿ ಬಿಡು. ಈಗ ತಳ್ಳು. ಕೈ ನೆಟ್ಟಗೆ ಮಾಡು. ಇನ್ನೂ."

ಅವಳು ಚಾಕುವಿನಿಂದ ತೋಳುಗವಸನ್ನು ಉದ್ದಕ್ಕೆ ಸೀಳಿದಳು, ಅಂಚಿಗೆ ಗ್ರೀಸ್ ಬಳಿದಳು, ಅವನ ಭುಜವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಕೈ ಹೊರಗೆ ಬಂತು. ತೋಳಿನ ಚರ್ಮ ತರಚಿ ಕೆಂಪಾಗಿತ್ತು. ಅಷ್ಟೇ.

ಪರಶುರಾಮ ಗೋಡೆಗೆ ಒರಗಿ ಕೂತು ಅವಳನ್ನೇ ನೋಡಿದ. "ನಾನೇನು ಕುರಿಮರಿಯೇನೇ ಇಂಜಿನಿಯರಮ್ಮ, ಹಂಗೆ ತಿರುವಿ ಎಳೆಯಾಕೆ?"

ಅವಳು ತಿರುಗಿಸಿದ್ದು ಕುರಿಮರಿಯನ್ನು ತಿರುಗಿಸುವ ಹಾಗೆಯೇ.

ಸಂಗೀತ ಉಡುತಡಿಯ ಕುರಿ ಸಾಕುವವರ ಮನೆಯವಳು. ಈಯುವಾಗ ಮರಿಯ ಕಾಲು ಮಡಚಿ ಸಿಕ್ಕಿಕೊಂಡರೆ ಅವ್ವ ನಿಂಗಮ್ಮ ಅವಳನ್ನೇ ಕೂಗುತ್ತಿದ್ದಳು. ಮನೆಯಲ್ಲೆಲ್ಲ ಸಣ್ಣ ಕೈ ಅವಳದು. ಕಿಂಡಿಗೆ ಅಳತೆ ಹಾಕುವಾಗಲೂ ಅವಳು ಆ ಕೈಯನ್ನೇ ನಂಬಿದಳು. ರಟ್ಟಿನಲ್ಲಿ ತೂತು ಕೊಯ್ದು ಕೈ ತೂರಿಸಿದಳು. ಸಲೀಸಾಗಿ ಹೋಯಿತು. ಅಷ್ಟಕ್ಕೇ ಗೆರೆ ಎಳೆದಳು. ಚರ್ಮದ ತೋಳುಗವಸು, ಕೈಗವಸು, ರಾಡು ಹಿಡಿದ ಹೋಲ್ಡರ್, ಗಂಡಸಿನ ಮೊಣಕೈ ಯಾವುದೂ ರಟ್ಟಿನ ಹತ್ತಿರ ಬಂದಿರಲಿಲ್ಲ.

ಸೇತುವೆ ಹೋಗಬೇಕಾದದ್ದು ಸೊರಬದ ಕಡೆ, ಹೊಸಬಾಳೆಯ ಹಳ್ಳಕ್ಕೆ. ಜನಕ್ಕೂ ಕುರಿಗೂ ಒಂದೇ ದಾರಿ. ಕುರಿ ಕಾಲಡಿಯಲ್ಲೋ ಪಕ್ಕದಲ್ಲೋ ನೀರು ಕಂಡರೆ ನಿಲ್ಲುತ್ತದೆ. ಮುಂದಿನದು ನಿಂತರೆ ಹಿಂದಿನವೆಲ್ಲ ಅದರ ಮೇಲೆ ಒತ್ತುತ್ತವೆ. ಅದಕ್ಕೇ ಅವಳು ಜಾಲರಿಯಂಥ ಪಕ್ಕ ಬಿಟ್ಟು, ಎರಡೂ ಬದಿಗೆ ಪೆಟ್ಟಿಗೆಯ ಹಾಗೆ ಮುಚ್ಚಿದ ತೊಲೆ ಬರೆದಳು. ಮುಚ್ಚಿದ ತೊಲೆಯ ತೆಳು ತಗಡು ನಡುವಿನ ಭಾರಕ್ಕೆ ಸೊಟ್ಟಗಾಗದಂತೆ ಒಳಗೊಂದು ಅಡ್ಡಪಟ್ಟಿ. ಅದರ ಮೂರು ಅಂಚಿಗೆ ಮುಚ್ಚುವ ಮೊದಲೇ ಬೆಸುಗೆ ಆಗಿತ್ತು. ನಾಲ್ಕನೆಯದನ್ನು ಕಿಂಡಿಯಲ್ಲಿ ಕೈ ಹಾಕಿ ಬೆಸೆಯುವುದೇ ಗತಿ.

"ನಾಲ್ಕನೇದು ಇಲ್ದಿದ್ರೆ ಬಿದ್ದೋಗ್ತದಾ?" ಈಶ್ವರ್ ಕೇಳಿದ.

"ಜನ ದಾಟಿದ್ರೆ ಏನೂ ಆಗಲ್ಲ. ಕುರಿ ನಡುವೆ ಗುಂಪುಗಟ್ಟಿದ್ರೆ ಹೇಳಕ್ಕಾಗಲ್ಲ ಸರ್."

"ಹಂಗಾದ್ರೆ?"

"ಹೊರಗಿನ ತಗಡು ಕೊಯ್ದು ತೆಗೀಬೇಕು. ಒಳಗೆ ಕಣ್ಣಿಟ್ಟು ಬೆಸೆದು, ಮೇಲೆ ದೊಡ್ಡ ತಗಡು ಹೊದಿಸ್ಬೇಕು. ಎರಡೂ ತೊಲೆಗೆ."

ಈಶ್ವರ್ ಹೊರಗೆ ನೋಡಿದ. ಶಿಕಾರಿಪುರದಿಂದ ಬಂದ ಕ್ರೇನ್ ರಸ್ತೆಗೆ ಅಡ್ಡ ನಿಂತಿತ್ತು. ಅದರ ಡ್ರೈವರ್ ನಾಗೇಶ ಚಾಲಕನ ಸೀಟಿನಲ್ಲೇ ಮಂಡಕ್ಕಿ ತಿನ್ನುತ್ತಿದ್ದ.

"ಇವತ್ತು ಸಂಜೆ ಎತ್ತದಿದ್ರೆ ನಾನು ಮತ್ತೆ ಸಿಗಾಕಿಲ್ಲ ನೋಡ್ರಿ," ಎಂದು ಅಲ್ಲಿಂದಲೇ ಹೇಳಿದ. "ನಾಳೆಯಿಂದ ಹೊನ್ನಾಳಿ ಕಡೆ ಕೆಲಸ."

ಸಂಗೀತಳ ಫೋನು ಅಲುಗಿತು. ಅವ್ವ.

"ಸೇತುವೆ ಆತೇನೇ? ಹೊಸಬಾಳೆ ಗೌಡ್ರು ಹೊಲದಾಗೆ ಕುರಿ ನಿಲ್ಸಕ್ಕೆ ಒಪ್ಪ್ಯಾರೆ. ನಾವು ಹೊಂಟೀವಿ. ನಾಳೆ ಮೊದಲು ದಾಟೋದು ನಮ್ಮ ಹಿಂಡೇ. ಮಗಳು ಕಟ್ಟಿದ್ದು ಅಂತ ಎಲ್ಲಾರ್ಗೂ ಹೇಳೀನಿ."

"ತಡಿಯವ್ವ. ಹೇಳ್ತೀನಿ," ಎಂದು ಕರೆ ಮುಗಿಸಿದಳು.

ತಲೆಯೆತ್ತಿದಾಗ ಈಶ್ವರ್ ಅವಳ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದ.

"ನಿನ್ನ ಕೈ ಹೋಗ್ತದಲ್ಲ," ಎಂದ.

ಅವಳಿಗೂ ಅದು ಹೊಳೆದಿತ್ತು. ಪರಶುರಾಮನ ಕೈ ಹೊರಬಂದ ಕ್ಷಣದಿಂದಲೇ.

"ತೋಳಿಗೆ ಒದ್ದೆ ಬಟ್ಟೆ ಸುತ್ತೋದು ಬ್ಯಾಡ, ಷಾಕ್ ಹೊಡೀತದೆ," ಎಂದ ಪರಶುರಾಮ, ಆಗಲೇ ನಿರ್ಧಾರವಾದಂತೆ. "ತೆಳು ಕೈಗವಸು ಸಾಕು. ನಾನು ಪಕ್ಕದಾಗೆ ಕೂತು ಹೇಳ್ತೀನಿ. ಹಪ್ಪಳ ಕರಿದಂಗೆ ಸದ್ದು ಬಂದ್ರೆ ಬೆಸುಗೆ ಕೂತೈತೆ ಅಂತ. ನೀನೇ ಬರ್ದಿದ್ದು, ನೀನೇ ಮುಗ್ಸು."

ಕಬ್ಬಿಣ ಆರುವವರೆಗೆ ಕಾದಳು. ಆಮೇಲೆ ಕಿಂಡಿಯಲ್ಲಿ ಕೈ ಇಟ್ಟಳು. ರಟ್ಟಿನಲ್ಲಿ ಹೋದ ಹಾಗೆಯೇ ಹೋಯಿತು. ಒಳಗೆ ಪರಶುರಾಮ ಕುರುಡಾಗಿ ಹಾಕಿದ ಬೆಸುಗೆ ಬೆರಳಿಗೆ ಸಿಕ್ಕಿತು: ಒಂದು ಉಂಡೆ, ಆಮೇಲೆ ಏನೂ ಇಲ್ಲ, ಮತ್ತೊಂದು ಉಂಡೆ. ನಡುವಿನ ಸಂದಿನಲ್ಲಿ ಉಗುರು ಇಳಿಯಿತು. ಅವನದೂ ಹಪ್ಪಳದ ಹಾಗೇ ಸದ್ದು ಮಾಡಿತ್ತು, ಅವಳೇ ಕೇಳಿದ್ದಳು.

ಕುರಿಯ ಒಡಲಿಗೆ ಕೈ ಹಾಕಿದಾಗ ಬದುಕಿರುವ ಮರಿ ಬೆರಳು ಚೀಪುತ್ತದೆ. ಕಣ್ಣು ಬೇಕಾಗುವುದಿಲ್ಲ, ಒಳಗಿನದು ತಾನೇ ಹೇಳುತ್ತದೆ. ಇಲ್ಲಿ ಅವಳು ಬೆರಳನ್ನು ಅತ್ತಿತ್ತ ಸರಿಸಿದಳು. ಕಬ್ಬಿಣ ಏನನ್ನೂ ಹೇಳಲಿಲ್ಲ. ಅವಳು ಬೆಸೆದರೂ ಅದು ಕೂತಿದೆಯೋ ಇಲ್ಲವೋ ಹೇಳುವುದಿಲ್ಲ. ಹಿಂಡು ನಡುವೆ ಬಂದು ನಿಂತಾಗ ಮಾತ್ರ ಹೇಳುತ್ತದೆ.

ಕೈ ಹೊರಗೆ ತೆಗೆದಳು.

ಈಶ್ವರ್ ಬೇರೆ ಹೋಲ್ಡರಿಗೆ ಹೊಸ ರಾಡು ಸಿಕ್ಕಿಸಿ ತಂದಿದ್ದ. ದನಿ ತಗ್ಗಿಸಿದ. "ನೋಡಮ್ಮ, ಡ್ರಾಯಿಂಗ್ ತಪ್ಪಾತು ಅನ್ನೋದು ಈ ಶೆಡ್ಡು ದಾಟಲ್ಲ. ನಿಮ್ಮವ್ವನ ಮುಂದೆ ನಿನ್ನ ಹೆಸರು ಕೆಡಾದೂ ಇಲ್ಲ. ಸೊರಬದ ಮುಂದಿನ ಸೇತುವೆನೂ ನಿನ್ನ ಕೈಲೇ ಬರೆಸ್ತೀನಿ. ಒಂದ್ಸಲ ಕೈ ಹಾಕಿ ಮುಗ್ಸಿಬಿಡು."

ಹೊರಗೆ ನಾಗೇಶ ಎಂಜಿನ್ ಚಾಲು ಮಾಡಿದ. ಪರಶುರಾಮ ತರಚಿದ ತೋಳನ್ನು ಎದೆಗೆ ಅವುಚಿಕೊಂಡು ಸ್ವಿಚ್ಚಿನ ಹತ್ತಿರ ಹೋಗಿ ನಿಂತ. ಈಶ್ವರ್ ಹೋಲ್ಡರನ್ನು ಅವಳ ಮುಂದೆ ಚಾಚಿದ.

"ಹಿಡಿ."

"ಹಿಡಿಯಲ್ಲ," ಎಂದಳು ಸಂಗೀತ. "ತಗಡು ಕೊಯ್ಯೋಣ ಸರ್."